ಅಮ್ಮನಿಗೆ ಯಾವ ಲಿನಕ್ಸ್

ದೇವರಾಜ ಮೊಹಲ್ಲಾದಲ್ಲಿ ಹಳೆಯ ಲ್ಯಾಪ್‌ಟಾಪ್ ರಿಪೇರಿ ಮಾಡುವವರೊಬ್ಬರಿದ್ದರು. ಕಂಪ್ಯೂಟರ್ ನಡೆಸುವ ತಂತ್ರಾಂಶವಾದ ಲಿನಕ್ಸಿನಲ್ಲಿ ಯಾವ ಬಗೆಯದನ್ನು ಹಾಕಿಸಲಿ ಎಂದು ಯಾರೇ ಕೇಳಿದರೂ "ಮೊದ್ಲು ಕೂತ್ಕೊಂಡು ನೋಡಿ" ಎನ್ನುತ್ತಿದ್ದರು.

ಏನಾದರೂ ಕೇಳಿದರೆ ನಾನು ರೇಗುತ್ತೇನೆಂದು ಲ್ಯಾಪ್‌ಟಾಪ್ ಮುಟ್ಟುವುದನ್ನೇ ಬಿಟ್ಟಿದ್ದ ಅಮ್ಮನನ್ನು ಒಮ್ಮೆ ಅವರ ಬಳಿ ಕರೆದೊಯ್ದೆ. ನಾನು ಬಳಸುವ ಲಿನಕ್ಸನ್ನೇ ಹಾಕಿ ಎಂದೆ. ಅವರು ಅಮ್ಮನಿಗೆ ಕುರ್ಚಿ ಕೊಟ್ಟು, ಪೆನ್‌ಡ್ರೈವ್‌ಗಳಿಂದ ಮೂರು ಬಗೆಯ ಲಿನಕ್ಸ್ ಒಂದೊಂದಾಗಿ ತೆರೆದು, ಅಮ್ಮನ ಕೈಯನ್ನೇ ಗಮನಿಸುತ್ತಾ ನಿಂತರು. ಮೊದಲೆರಡರಲ್ಲಿ ಅಮ್ಮ ಹೆಜ್ಜೆಹೆಜ್ಜೆಗೂ ನನ್ನ ಮುಖ ನೋಡಿದಳು. ಮೂರನೆಯದು ಮಿಂಟ್ ಎಂಬ ಬಗೆ. ಅದರಲ್ಲಿ ಬರೆಯುವ ಜಾಗವನ್ನು ತಾನೇ ಹುಡುಕಿ ತನ್ನ ಹೆಸರು ಟೈಪ್ ಮಾಡಿದಳು.

"ಇದೇ ಕಣಮ್ಮ ನಿಮ್ದು," ಎಂದರು ಅವರು.

"ನಾನು ಹೇಳಿದ್ದು ಇನ್ನೂ ಚೆನ್ನಾಗಿದ್ಯಲ್ಲ ಸಾರ್?" ಎಂದೆ.

"ನಿಮ್ಗೆ ಚೆನ್ನಾಗೇ ಇರುತ್ತೆ. ಕೂರೋರು ಅವ್ರಲ್ವಾ?"

ಅಮ್ಮ ನಕ್ಕಳು. ಕಂಪ್ಯೂಟರಿನ ಮುಂದೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.