ಕಚೇರಿಯಿಂದ ಬಂದವಳ ಊಟ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಒಲೆಯ ಮುಂದೆಯೇ ಅರ್ಧ ಆಯುಷ್ಯ ಕಳೆದವಳು ಅವಳು. ಮ್ಯಾನೇಜರನಿಂದ ಹಿಡಿದು ಕಸ ಗುಡಿಸುವವನವರೆಗೆ ಎಲ್ಲರಿಗೂ ದೊಡ್ಡಮ್ಮ. ಅಡುಗೆ ಆಗುವಾಗ ಅವಳ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಬಡಿಸುವಾಗ ಮಾತ್ರ ಸಾಕು ಸಾಕು ಅಂದವರ ತಟ್ಟೆಗೂ ಇನ್ನೊಂದು ಸೌಟು ಬೀಳುತ್ತಿತ್ತು. ಉಂಡು ಎದ್ದವರ ಮುಖ ನೋಡಿದರೆ ತನ್ನ ಅರ್ಧ ಹೊಟ್ಟೆ ತುಂಬುತ್ತದೆ ಅನ್ನುತ್ತಿದ್ದಳು. ಉಳಿದರ್ಧ ಹೇಗೆ ತುಂಬುತ್ತಿತ್ತೋ, ಯಾರೂ ಕೇಳಲಿಲ್ಲ.

ಈಗ ಆ ಕೈಗಳು ನಡುಗುತ್ತವೆ. ಮೊದಮೊದಲು ಲೋಟ ತುಳುಕಿತು, ಆಮೇಲೊಂದು ದಿನ ಕುದಿಯುವ ಪಾತ್ರೆಯೇ ಜಾರಿ ಕಾಲ ಬುಡದಲ್ಲಿ ಬಿತ್ತು. ಮೂರನೇ ಮಹಡಿಯ ಒಂಟಿ ಕೋಣೆ, ಗಂಡ ಹೋಗಿ ಎಷ್ಟೋ ಕಾಲವಾಯಿತು, ಮಕ್ಕಳಿಲ್ಲ. ಪಕ್ಕದ ಕೋಣೆಯ ದರ್ಜಿಯವಳು ಹೆದರಿ ಗ್ಯಾಸ್ ಒಲೆಯ ತಿರುಗಿಸುವ ಗುಂಡಿಯನ್ನೇ ಕಿತ್ತು ತನ್ನ ದಾರದ ಡಬ್ಬಿಯಲ್ಲಿ ಹಾಕಿಕೊಂಡಳು.

ಸರ್ಕಾರದ ಆಹಾರ ಕಾರ್ಡೇನೋ ಇತ್ತು. ಆದರೆ ಆ ಕಾರ್ಡಿಗೆ ಬಿಸಿ ಆಗಿಬರುವುದಿಲ್ಲ. ಅಕ್ಕಿ, ಕಾಳು, ತಣ್ಣಗಿನ ಬ್ರೆಡ್ಡು ಕೊಡುತ್ತಾರೆ. ಅದೇ ಅಂಗಡಿಯ ಇನ್ನೊಂದು ತುದಿಯಲ್ಲಿ, ಗಾಜಿನ ಹಿಂದೆ ಹಬೆಯಾಡುವ ಊಟಕ್ಕೆ ಕಾರ್ಡು ನಡೆಯುವುದಿಲ್ಲ. ಈ ನಿಯಮ ಬರೆದ ಪುಣ್ಯಾತ್ಮನಿಗೆ ಮನೆಯಲ್ಲಿ ಹೊತ್ತು ಹೊತ್ತಿಗೆ ಬೇಯಿಸಿ ಹಾಕುವವರು ಇದ್ದಿರಬೇಕು. ದರ್ಜಿಯವಳು ಆಗಾಗ ಏನಾದರೂ ತಂದುಕೊಡುತ್ತಿದ್ದಳು, ಆದರೆ ಅವಳ ಮನೆಯಲ್ಲೂ ತಿನ್ನುವ ಬಾಯಿಗಳು ಜಾಸ್ತಿ. ಹೀಗೆ ಡಬ್ಬಿ ತುಂಬ ಅಕ್ಕಿ ಇಟ್ಟುಕೊಂಡು ದೊಡ್ಡಮ್ಮ ಬ್ರೆಡ್ಡನ್ನು ನೀರಲ್ಲಿ ಅದ್ದಿ ತಿಂದಳು.

ಅಷ್ಟರಲ್ಲಿ ಹೊಸ ಸುದ್ದಿ ಬಂತು. ಸ್ವಂತ ಅಡುಗೆ ಮಾಡಿಕೊಳ್ಳಲಾಗದವರಿಗೆ ಇನ್ನು ಕಾರ್ಡಿನಲ್ಲೇ ಬಿಸಿ ಊಟ. ಕಚೇರಿಯವರು ಮನೆಗೇ ಬಂದು ನೋಡಿ ತೀರ್ಮಾನಿಸುತ್ತಾರಂತೆ. ದರ್ಜಿಯವಳು ಅರ್ಜಿ ಹಾಕಿಸಿ, ಬುದ್ಧಿ ಹೇಳಿದಳು. “ಕೈಯನ್ನ ಮಡಿಲಲ್ಲಿಟ್ಕೊಂಡು ಸುಮ್ನೆ ಕೂತ್ಕೋ. ನಡುಗಿದ್ರೆ ನಡುಗ್ಲಿ. ಒಲೆ ಕಡೆ ಮಾತ್ರ ಹೋಗ್ಬೇಡ.”

ಕಚೇರಿಯಿಂದ ಬಂದವಳು ಇನ್ನೂ ಚಿಕ್ಕ ಹುಡುಗಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ, ಕೊಟ್ಟ ನೀರನ್ನು ಗಟಗಟ ಕುಡಿದು ಗೋಡೆಗೊರಗಿ ಕಣ್ಣು ಮುಚ್ಚಿದಳು. ಖಾಲಿ ಹೊಟ್ಟೆಯವರು ಹೇಗೆ ನೀರು ಕುಡಿಯುತ್ತಾರೆಂದು ದೊಡ್ಡಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಊಟ ಆಯಿತಾ ಎಂದು ಕೇಳಿಯೇಬಿಟ್ಟಳು. ಬೆಳಗ್ಗೆಯಿಂದ ಪುರಸೊತ್ತಾಗಿಲ್ಲ, ಇನ್ನೂ ಬೇರೆ ಮನೆಗಳಿವೆ ಎಂದಳು ಹುಡುಗಿ.

ಆಮೇಲೆ ದೊಡ್ಡಮ್ಮ ಯಾರ ಮಾತೂ ಕೇಳುವ ಹೆಂಗಸಾಗಿ ಉಳಿಯಲಿಲ್ಲ. ಕ್ಯಾಂಟೀನಿನ ಕಾಲದ ಇಕ್ಕಳ ಹುಡುಕಿ, ಗುಂಡಿ ಕಿತ್ತ ಜಾಗದ ಕಡ್ಡಿಯನ್ನು ಅದರಲ್ಲೇ ಹಿಡಿದು ತಿರುಗಿಸಿ ಒಲೆ ಹಚ್ಚಿದಳು. ಅವಳ ಕೈಗೆ ಎತ್ತಲಾಗುವುದು ಚಿಕ್ಕ ಪಾತ್ರೆ ಒಂದೇ. ಅದರಲ್ಲೇ ಅಕ್ಕಿ, ಕಾಳು ಒಟ್ಟಿಗೆ ಬೆಂದವು. ಇಳಿಸುವಾಗ ಪಾತ್ರೆ ವಾಲಿ ಕುದಿಯುವ ನೀರು ಮಣಿಕಟ್ಟಿನ ಮೇಲೆ ಚೆಲ್ಲಿತು. ಹುಡುಗಿ ಗೋಡೆಗೊರಗಿ ತೂಕಡಿಸುತ್ತಿದ್ದಳು. ದೊಡ್ಡಮ್ಮ ಹಲ್ಲು ಕಚ್ಚಿ, ಮಸಿಬಟ್ಟೆಯನ್ನು ಅಲ್ಲಿಗೇ ಸುತ್ತಿಕೊಂಡು ಬಡಿಸಿದಳು.

ಹುಡುಗಿ ತಲೆಯೆತ್ತದೆ ಉಂಡಳು, ಎರಡನೇ ಸಲ ಹಾಕಿಸಿಕೊಂಡಳು. ಎಷ್ಟೋ ತಿಂಗಳ ಮೇಲೆ ದೊಡ್ಡಮ್ಮನಿಗೆ ಜೀವ ಬಂದ ಹಾಗಾಯಿತು. ಕೈ ತೊಳೆದು ಬಂದ ಹುಡುಗಿ ಮಾತ್ರ ಅರ್ಜಿಯ ಕಾಗದ ಹೊರತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ ಮತ್ತೆ ಹಾಕಿದಳು.

“ನಿಮ್ಗೆ ಅಡುಗೆ ಮಾಡೋಕಾಗಲ್ಲ ಅಂತ ನಾನು ಹೇಗೆ ಬರೀಲಿ ದೊಡ್ಡಮ್ಮ? ನಾನೇ ಉಂಡಿದ್ದೀನಲ್ಲ.”

ಮಸಿಬಟ್ಟೆ ಬಿಚ್ಚಿ ತೋರಿಸಿದ್ದರೆ ಮುಗಿಯುತ್ತಿತ್ತು. ದೊಡ್ಡಮ್ಮ ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಮೆಟ್ಟಿಲು ಇಳಿಯುವಾಗ ಜೋಪಾನ ಎಂದಳು.

ಸಂಜೆ ದರ್ಜಿಯವಳು ಕೈಯ ಮಸಿಬಟ್ಟೆ ಬಿಚ್ಚಿ ನೋಡಿದರೆ ಮಣಿಕಟ್ಟಿನ ಸುತ್ತ ಬೊಬ್ಬೆ ಎದ್ದಿತ್ತು. ಬಾಯಿಗೆ ಬಂದ ಹಾಗೆ ಬೈದಳು, ಬೈಯುತ್ತಲೇ ಅತ್ತಳು. ಬೆಳಗಾದರೆ ಕಚೇರಿಗೆ ಎಳೆದುಕೊಂಡು ಹೋಗಿ ಈ ಕೈ ತೋರಿಸುತ್ತೇನೆ ಎಂದಳು.

“ಬೇಡ ಕಣೇ,” ಎಂದಳು ದೊಡ್ಡಮ್ಮ. “ಈ ಕೈ ನೋಡಿದ್ರೆ ಆ ಮಗೂಗೆ ಉಂಡದ್ದು ಮೈಗೆ ಹತ್ತುತ್ತಾ?”

ದರ್ಜಿಯವಳು ಮುಚ್ಚಳ ತೆಗೆದು ನೋಡಿದಳು. ಪಾತ್ರೆ ಖಾಲಿ.

“ನೀನು ಉಂಡ್ಯಾ?”

ದೊಡ್ಡಮ್ಮನಿಗೆ ಆ ಮಾತು ಬೇರೆಯವರನ್ನು ಕೇಳಿ ಅಭ್ಯಾಸವಿತ್ತೇ ಹೊರತು ಅದಕ್ಕೆ ಉತ್ತರ ಹೇಳಿ ಅಭ್ಯಾಸವಿರಲಿಲ್ಲ. ಬ್ರೆಡ್ಡಿನ ಪೊಟ್ಟಣ ಎಳೆದುಕೊಂಡಳು, ಬೆರಳು ಬಗ್ಗಲಿಲ್ಲ. ದರ್ಜಿಯವಳೇ ಬಿಚ್ಚಿ, ನೀರಲ್ಲಿ ಅದ್ದಿ ಬಾಯಿಗಿಟ್ಟಳು.