ಫೀನಾಲ್ ತೆಗೆಯಲು ಹೋಗಿ ಆರತಿ ನೀರು ಮಾಡಿದ್ದು

"ಬಂತ್ ನೋಡ್ರಿ!" ಎಂದು ನಮ್ಮ ಮಾಲೀಕರು ಚಪ್ಪಾಳೆ ತಟ್ಟಿಯೇಬಿಟ್ಟರು. ಕೆಳಗೆ ನಲ್ಲಿಯಿರುವ ಗಾಜಿನ ಫನಲ್‌ನೊಳಗೆ ನೀರು ಕೆಂಪಗಾಗಿತ್ತು.

ನಾನು ಎದೆ ಉಬ್ಬಿಸಿ ನಿಂತಿದ್ದೆ. ಯಾಕೆ ಕೆಂಪಾಯಿತೆಂದು ನನಗೇ ಗೊತ್ತಿರಲಿಲ್ಲ…

ಕೊಪ್ಪಳದ ಹತ್ತಿರ ಪ್ಲೈವುಡ್ ಅಂಟು ಮಾಡುವ ಸಣ್ಣ ಫ್ಯಾಕ್ಟರಿಯೊಂದರಲ್ಲಿ ನಾನು ಕೆಮಿಸ್ಟ್. ಅಲ್ಲಿ ಹೊರಬೀಳುವ ಕೊಳಕು ನೀರಿನಲ್ಲಿ ಅಂಟಿಗೆ ಹಾಕಿದ ಫೀನಾಲ್ ಉಳಿದಿರುತ್ತದೆ. ಅದನ್ನು ವಾಪಸ್ ತೆಗೆದರೆ ಮತ್ತೆ ಅಂಟಿಗೇ ಬರುತ್ತದೆ.

ಕೊಳಕು ನೀರಿಗೆ ಸಾಲ್ವೆಂಟ್ ಎಂಬ, ನೀರಿನೊಡನೆ ಬೆರೆಯದ ದ್ರವ ಹಾಕಿ ಕುಲುಕಿದರೆ ಫೀನಾಲ್ ಸಾಲ್ವೆಂಟಿಗೆ ಹೋಗಿ ಮೇಲೆ ತೇಲುತ್ತದೆ. ಆ ಸಾಲ್ವೆಂಟನ್ನು ಸುಣ್ಣದ ಗುಣದ ಕಾಸ್ಟಿಕ್ ಸೋಡಾ ನೀರಿನಿಂದ ತೊಳೆದರೆ ಫೀನಾಲ್ ಆ ನೀರಿಗೆ ಇಳಿಯುತ್ತದೆ. ಅಷ್ಟೇ ಕತೆ.

ಇದಕ್ಕೊಂದು ಪ್ಲಾಂಟ್ ಹಾಕಿಸಿ ಎಂದು ವರ್ಷವಿಡೀ ಮಾಲೀಕರ ಬೆನ್ನು ಬಿದ್ದಿದ್ದೆ. ಅವತ್ತು ಕಣ್ಣಿಗೆ ಕಾಣುವಂತೆ ತೋರಿಸದಿದ್ದರೆ ಲ್ಯಾಬ್ ಮುಚ್ಚಿ ಆ ಕೋಣೆಯಲ್ಲಿ ಖಾಲಿ ಚೀಲ ಒಟ್ಟಿಸುವುದಾಗಿ ಹೇಳಿದ್ದರು.

ಸಾಲ್ವೆಂಟ್ ಮೊದಲು ಹಳದಿಯಾಯಿತು. ಕಾಸ್ಟಿಕ್ ಹಾಕಿದ್ದೇ ತಡ, ಕೆಳಗಿನ ನೀರು ಕೆಂಪು! ಹಿಂದೆ ಒಮ್ಮೆಯೂ ಹೀಗಾಗಿರಲಿಲ್ಲ. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ… "ಇದ ನೋಡ್ರಿ ಸರ್, ನಮ್ಮ ಫೀನಾಲ್" ಅಂದುಬಿಟ್ಟೆ.

ಆಗ ಲ್ಯಾಬ್ ಕಸ ಗುಡಿಸುವ ಹುಲಿಗೆವ್ವ ಕಸಬರಿಗೆ ಹಿಡಿದುಕೊಂಡೇ ಬಗ್ಗಿ ನೋಡಿದಳು.

"ಸರ, ಇದು ಆರತಿ ನೀರಲ್ರಿ? ಅರಿಷಿಣಕ್ಕ ಸುಣ್ಣ ಬಿದ್ರ ಹಿಂಗ ಆಕ್ಕೈತಿ."

ನನ್ನ ಮುಖ ಸಪ್ಪಗಾಯಿತು. ಹಿಂದಿನ ದಿನ ಖಂಡೇಪೂಜೆ, ಅಂದರೆ ನಮ್ಮ ಕಡೆಯ ಆಯುಧಪೂಜೆ. ಮೋಟಾರು, ತಕ್ಕಡಿಗೆಲ್ಲ ಪೂಜೆಯಾದ ಮೇಲೆ "ಈ ಫನಲ್ಲಿಗೂ ಅರಿಷಿಣ ಹಚ್ಚಬೇ ಯವ್ವಾ, ಇದ ನನ್ನ ಆಯುಧ" ಎಂದವನು ನಾನೇ.

ಪಾಪ, ಆಕೆ ಭಕ್ತಿಯಿಂದ ಅದರ ಬಾಯಿಗೆಲ್ಲ ಮೆತ್ತಿದ್ದಳು. ಇಂಥ ದೊಡ್ಡ ದಿನ ಪೂಜೆಯ ಅರಿಶಿನ ತೊಳೆದರೆ ಕೆಟ್ಟದ್ದಾದೀತೆಂದು ಹಾಗೇ ಬಳಸಿದವನೂ ನಾನೇ!

ತಪ್ಪೊಪ್ಪಿಕೊಂಡೆ. ಬೇರೆ ಫನಲ್ ತಂದು ಮೊದಲಿನಿಂದ ಮಾಡಿದೆ. ಈ ಸಲ ಕಾಸ್ಟಿಕ್ ನೀರು ತಿಳಿಯಾಗಿ ನಿಂತಿತು.

"ಏನೂ ಕಾಣವಲ್ದಲ್ಲಪಾ!" ಮಾಲೀಕರು ಎದ್ದೇಬಿಟ್ಟರು.

ನನ್ನ ಲ್ಯಾಬ್ ಹೋಯಿತು ಅಂದುಕೊಂಡೆ. ಕಾಸ್ಟಿಕ್‌ನಿಂದ ಫೀನಾಲ್ ಬಿಡಿಸಲು ಆ ನೀರಿಗೆ ಸ್ವಲ್ಪ ಸ್ವಲ್ಪ ಆಸಿಡ್ ಬಿಟ್ಟೆ… ನೀರು ಹಾಲಿನ ಹಾಗೆ ಕದಡಿತು. ಎಣ್ಣೆಯಂಥ ಹನಿಗಳು ಬೇರೆಯಾಗತೊಡಗಿದವು.

ಬಾಗಿಲ ಹತ್ತಿರ ಹೋಗಿದ್ದ ಹುಲಿಗೆವ್ವ ಮೂಗಿಗೆ ಸೆರಗು ಹಿಡಿದಳು. "ಅಯ್ಯ ಶಿವನ, ದವಾಖಾನಿ ನೆಲ ಒರಸಿದಂಗ ವಾಸನಿ ಬರಾಕತ್ತೈತಿ!"

ಅದೇ ಫೀನಾಲ್! ಖುಷಿಗೆ ಆಕೆಯ ಕಾಲಿಗೆ ಬೀಳುವುದೊಂದು ಬಾಕಿ.

"ಹಂಗಾರ ಈ ಸಲ ಖರೇನ ಬಂದೈತಿ" ಎಂದು ಮಾಲೀಕರು ಮತ್ತೆ ಕುಳಿತರು.

ಮೊನ್ನೆ ಪ್ಲಾಂಟ್ ಬಂದಿಳಿಯಿತು. ಹುಲಿಗೆವ್ವ ಆರತಿ ತಟ್ಟೆ ಹಿಡಿದು ಮುಂದೆ ನಿಂತಿದ್ದಾಳೆ. ಮಾಲೀಕರು ತಟ್ಟೆಯೊಳಗಿನ ಕೆಂಪು ನೀರನ್ನೇ ದಿಟ್ಟಿಸಿ, "ಇದು ಅರಿಷಿಣಾನೋ, ಫೀನಾಲೋ?" ಎಂದು ಕೇಳುತ್ತಿದ್ದಾರೆ.

ಕೇಳಿದ್ದು ನನ್ನನ್ನಲ್ಲ, ಹುಲಿಗೆವ್ವನನ್ನು… ಈಗ ನೀವೇ ಹೇಳಿ, ನಮ್ಮ ಲ್ಯಾಬಿನ ಕೆಮಿಸ್ಟ್ ಯಾರು?