ಉಡಿಯಲ್ಲಿ ಬಂದ ರೂಪಾಯಿ

ಅಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸುತ್ತಿ ಬಳಸಿ ಹೇಳುವ ತಾಪತ್ರಯ ಬೇಡ. ಅವಳು ನನಗಿಂತ ಎರಡೇ ವರ್ಷ ದೊಡ್ಡವಳು. ಬಣ್ಣ ಅವಳಿಗೆ, ಉದ್ದ ಜಡೆ ಅವಳಿಗೆ. ಮದುವೆಯಾಗಿ ಅವಳು ಹೋದದ್ದು ಬ್ಯಾಡಗಿಯ ಮಹಡಿ ಮನೆಗೆ, ನಾನು ಬಂದದ್ದು ಹಾವೇರಿಯ ಎರಡು ಖೋಲಿಗೆ. ಸುಗ್ಗಿಯಲ್ಲಿ ಅವಳ ಮನೆಯ ಬಾಗಿಲು ತೆರೆದರೆ ಸಾಕು, ಮೆಣಸಿನಕಾಯಿ ಘಾಟಿಗೆ ಸೀನು ಬರುತ್ತದೆ. ಹೇಳಿದರೆ ನಗುತ್ತೀರಿ, ನನಗೆ ಆ ಸೀನಿನ ಮೇಲೂ ಹೊಟ್ಟೆಕಿಚ್ಚಿತ್ತು.

ಒಂದೇ ಒಂದು ವಿಷಯದಲ್ಲಿ ನಾನು ಅವಳಿಗಿಂತ ಮೇಲಿದ್ದೆ. ನನ್ನ ಬೆಳ್ಳಿ ರೂಪಾಯಿ ಅವಳದಕ್ಕಿಂತ ಚೆನ್ನಾಗಿತ್ತು.

ಅದು ನನ್ನದಾದ ಕತೆಯನ್ನೂ ಹೇಳಬೇಕು. ನಮ್ಮಿಬ್ಬರ ಮದುವೆ ಒಂದೇ ದಿನ, ಒಂದೇ ಹಂದರದಲ್ಲಿ ಆಯಿತು. ಗಂಡನ ಮನೆಗೆ ಕಳಿಸುವ ಮುನ್ನ ಉಡಿ ತುಂಬಲು ಅವ್ವ ಎರಡು ತಾಟು ಸಿದ್ಧ ಮಾಡಿಟ್ಟಿದ್ದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಕುಬಸದ ಕಣ, ಎಲ್ಲದರ ಮೇಲೆ ರಾಣಿಯ ಮುಖವಿದ್ದ ಒಂದೊಂದು ಹಳೆಯ ಬೆಳ್ಳಿ ರೂಪಾಯಿ. ಅಕ್ಕನ ತಾಟಿನದು ಫಳಫಳ ಹೊಳೆಯುತ್ತಿತ್ತು. ನನ್ನದು ರೊಟ್ಟಿ ಹಂಚಿನಂತೆ ಕಪ್ಪಗಿತ್ತು. ಮನೆ ಬಿಟ್ಟು ಹೋಗುವ ದಿನವೂ ಒಳ್ಳೆಯದು ಅವಳಿಗೇ ಅಲ್ಲವೇ ಎಂದು ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಖೋಲಿಯಲ್ಲಿ ಯಾರೂ ಇರಲಿಲ್ಲ. ಎರಡು ಬೆರಳಿನ ಕೆಲಸ, ಅತ್ತಣದ್ದು ಇತ್ತ, ಇತ್ತಣದ್ದು ಅತ್ತ. ಅಕ್ಕನ ಚಿನ್ನವನ್ನೂ ಅಕ್ಕಸಾಲಿಗ ಬಿಡುವುದಿಲ್ಲ ಎನ್ನುತ್ತಾರಲ್ಲ, ನಾನು ಅಕ್ಕಸಾಲಿಗರವಳೂ ಅಲ್ಲ, ಅವಳ ಬೆನ್ನಿಗೆ ಬಿದ್ದ ತಂಗಿ.

ಆಮೇಲೆ ಪ್ರತಿ ದೀಪಾವಳಿ ಅಮಾವಾಸ್ಯೆಗೆ, ಲಕ್ಷ್ಮೀಪೂಜೆಯ ಮುಂಜಾನೆ, ಆ ರೂಪಾಯಿಗೆ ಹುಣಸೆಹಣ್ಣು ಹಚ್ಚಿ, ವಿಭೂತಿ ಉದುರಿಸಿ, ಹಳೆಯ ಧೋತರದ ಚಿಂದಿಯಿಂದ ತಿಕ್ಕುವುದು ನನ್ನ ಕೆಲಸ. ನಮ್ಮ ಕಡೆ ಲಕ್ಷ್ಮಿಯನ್ನು ಕೊಳಕಾಗಿ ಕೂರಿಸುವವರಿಲ್ಲ. ತಿಕ್ಕುವಾಗ ಅಕ್ಕನ ಮಹಡಿ ಮನೆ ನೆನಪಾಗುತ್ತಿತ್ತು, ಇನ್ನಷ್ಟು ಜೋರಾಗಿ ತಿಕ್ಕುತ್ತಿದ್ದೆ.

ಮೊದಲ ದೀಪಾವಳಿಗೆ ಅವ್ವ ನಮ್ಮಲ್ಲಿಗೆ ಬಂದಿದ್ದಳು. ಪೂಜೆಗಿಟ್ಟ ರೂಪಾಯಿ ಎತ್ತಿ ಹಿಂದೆ ಮುಂದೆ ನೋಡಿದಳು.

"ಇದು ಎಲ್ಲೀದು?" ಎಂದಳು.

"ನೀನ ಉಡಿಯೊಳಗ ಹಾಕಿದ್ದಲ್ಲ? ನನಗ ಏನ ಕೊಟ್ಟೀದಿ ಅನ್ನೂದರ ನೆನಪೈತೋ ಇಲ್ಲೋ?" ಎಂದು ಚುಚ್ಚಿದೆ.

ಅವ್ವ ನನ್ನ ಮುಖ ನೋಡಿದಳು. ರೂಪಾಯಿಯನ್ನು ಎಲೆಯ ಮೇಲಿಟ್ಟು, ಹೋಳಿಗೆ ಸೀದಾವು ಎನ್ನುತ್ತ ಒಳಗೆ ಹೋದಳು. ನೋಡು, ನನಗೆ ಕೊಟ್ಟದ್ದು ಇವಳಿಗೆ ನೆನಪೇ ಇಲ್ಲ ಎಂದುಕೊಂಡೆ. ಅಂದಿನಿಂದ ಅವಳ ಜೊತೆ ಎಷ್ಟು ಬೇಕೋ ಅಷ್ಟೇ ಮಾತು. ಅವ್ವ ತೀರಿಕೊಂಡು ಎಂಟು ವರ್ಷವಾಯಿತು.

ಅಕ್ಕ ಮಾತ್ರ ತನ್ನ ರೂಪಾಯಿಯನ್ನು ಒಮ್ಮೆಯೂ ತೊಳೆದವಳಲ್ಲ. ಅರಿವೆಯಲ್ಲಿ ಸುತ್ತಿ ಟ್ರಂಕಿನಲ್ಲಿಡುತ್ತಿದ್ದಳು, ಪೂಜೆಯ ದಿನ ತೆಗೆದು ಹಾಗೆಯೇ ದೇವರ ಜಗಲಿಯ ಮೇಲಿಡುತ್ತಿದ್ದಳು. ಹಬ್ಬದ ಮರುದಿನ ಅವಳ ಮನೆಗೆ ಹೋದಾಗ ನಾನು ಬಿಡುತ್ತಿದ್ದೆನೇ?

"ಏನ ಅಕ್ಕಾ, ಮಹಡಿ ಮನ್ಯಾಗ ಲಕ್ಷ್ಮಿ ಹಿಂಗ ಮಸಿ ಮೆತ್ಕೊಂಡು ಕುಂತಾಳಲ್ಲ!"

"ಇರಲಿ ಬಿಡ. ಆಕಿ ಬಣ್ಣ ಆಕಿಗೆ" ಎನ್ನುತ್ತಿದ್ದಳು.

ಈಚೆಗೆ ಹಲಗೇರಿಯಲ್ಲಿ ನಮ್ಮ ಸೋದರಮಾವನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಊಟದ ಪಂಕ್ತಿಯಲ್ಲಿ ಯಾರೋ ರಾಣೇಬೆನ್ನೂರಿನ ಒಬ್ಬ ಅಜ್ಜನ ಸುದ್ದಿ ತೆಗೆದರು. ನಿವೃತ್ತ ಮಾಸ್ತರರು, ಹಳೆಯ ನಾಣ್ಯ ಕೂಡಿಡುವ ಹುಚ್ಚು, ಯಾರು ಒಯ್ದು ತೋರಿಸಿದರೂ ಅದರ ದರ್ಜೆ ಹೇಳುತ್ತಾರಂತೆ. ಅಷ್ಟು ಜನರ ಮುಂದೆ ನಾನೇ ಬಾಯಿ ಹಾಕಿದೆ.

"ನಂದೂ ಅಕ್ಕಂದೂ ಎರಡೂ ತೋರಸೂಣು. ಯಾರದು ಮ್ಯಾಲ ಅಂತ ಗೊತ್ತಾಗಲಿ."

"ಬ್ಯಾಡ ಬಿಡ, ಸುಮ್ಮನ ಯಾಕ?" ಎಂದಳು ಅಕ್ಕ.

"ಯಾಕ, ಹೆದರಿಕಿ ಏನು?"

ಅವಳು ಹಿಂಜರಿದಷ್ಟೂ ನನಗೆ ಹುರುಪು. ಮುಂದಿನ ರವಿವಾರ ಇಬ್ಬರೂ ಆ ಅಜ್ಜನ ಮನೆಯ ಪಡಸಾಲೆಯಲ್ಲಿದ್ದೆವು.

ಅಜ್ಜ ಮೇಜಿನ ಮೇಲೆ ಮೆತ್ತನೆಯ ಅರಿವೆ ಹಾಸಿ, ದೀಪ ಹತ್ತಿರ ಎಳೆದುಕೊಂಡು, ಭೂತಗನ್ನಡಿ ಹಿಡಿದು ಕುಳಿತರು. ಮೊದಲು ನನ್ನದನ್ನೇ ಮುಂದೆ ಮಾಡಿದೆ. ಅವರು ರೂಪಾಯಿಯ ಮುಖ ಮುಟ್ಟದೆ ಎರಡು ಬೆರಳಿನಲ್ಲಿ ಅಂಚು ಹಿಡಿದು ಓರೆ ಮಾಡಿದರು.

"ಯವ್ವಾ, ಇದಕ್ಕ ಏನ ಹಚ್ಚಿ ತಿಕ್ಕತೀರಿ?"

"ಹುಣಸಿಹಣ್ಣು, ವಿಭೂತಿರಿ."

"ಎಷ್ಟು ವರ್ಷಾತು?"

"ಇಪ್ಪತ್ತೆರಡು" ಎಂದೆ, ಹೆಮ್ಮೆಯಿಂದ.

ಅವರು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. "ನೀವ ನೋಡ್ರಿ. ಮೊದಲ ಸವೆಯೂದು ಉಬ್ಬಿದ ಜಾಗಾ. ಕೆನ್ನಿ ಚಪ್ಪಟಿ ಆಗೈತಿ. ಕಿವಿ ಮ್ಯಾಲಿನ ಕೂದಲೆಳಿ ಎಲ್ಲಾ ಕೂಡಿ ಒಂದಾಗ್ಯಾವು. ಇದು ಮೊದಲ ಸಂತ್ಯಾಗ ಭಾಳ ಕೈ ತಿರುಗೇತಿ, ಉಳಿದದ್ದು ನೀವು ತಿಕ್ಕಿ ಮುಗಿಸೀರಿ." ಗಾಜಿನೊಳಗೆ ರಾಣಿಯ ಮುಖದ ತುಂಬ ಕೂದಲಿನಷ್ಟು ಸಣ್ಣ ಗೀರುಗಳು, ನಾರಿನಿಂದ ಉಜ್ಜಿದ ಸ್ಟೀಲ್ ತಾಟಿನಂತೆ. "ಬೆಳ್ಳಗಿದ್ದದ್ದೆಲ್ಲ ಹಾಲಲ್ಲರಿ. ಇದಕ್ಕ ದರ್ಜೆ ಅಂತ ಹೇಳಾಕ ಬರೂದಿಲ್ಲ. ಬೆಳ್ಳಿ, ಅಷ್ಟ."

ಆಮೇಲೆ ಅಕ್ಕ ಅರಿವೆ ಬಿಚ್ಚಿದಳು. ಅಜ್ಜ ಕರಿ ರೂಪಾಯಿ ಎತ್ತಿ ಓರೆ ಮಾಡಿದರು. ಚಾಳೀಸು ಒರೆಸಿಕೊಂಡು ಮತ್ತೆ ನೋಡಿದರು. ಆ ಕಪ್ಪು ಪೊರೆಯ ಕೆಳಗಿನಿಂದ ಬೆಳಕು ಎದ್ದು ರೂಪಾಯಿಯ ಮೇಲೆ ಸುತ್ತ ತಿರುಗಿತು. ನನಗೂ ಕಂಡಿತು.

"ಟಂಕಸಾಲಿಯಿಂದ ಬಂದದ್ದು ಬಂದಂಗ ಐತಲ್ರೀ! ಕೂದಲೆಳಿ ಎಣಸಬಹುದು. ರಾಣಿ ಕುಬಸದ ಮ್ಯಾಲಿನ ಹೂ ನೋಡ್ರಿ. ಕೈಯಿಂದ ಕೈಗೆ ತಿರುಗದ ಇಂಥಾದ್ದಕ್ಕ ಅನ್‌ಸರ್ಕ್ಯುಲೇಟೆಡ್ ಅಂತಾರ. ಇದಕ್ಕಿಂತ ಮ್ಯಾಲಿನ ದರ್ಜೆ ನಾ ಯಾವದಕ್ಕೂ ಹೇಳಿಲ್ಲ. ಯಾರ ಬುದ್ಧಿವಂತರು, ಇದನ್ನ ತೊಳೀದ ಕಾದಾವರು?"

ಅಕ್ಕ ತಲೆ ತಗ್ಗಿಸಿದಳು. ಅದು ನನ್ನ ತಾಟಿನದು, ನನ್ನದು ಎಂದು ಕೂಗಬೇಕೆನಿಸಿತು. ಕೂಗುವುದು ಹೇಗೆ? ನನ್ನದು ಎನ್ನಬೇಕಾದರೆ ಮೊದಲು ಕಳ್ಳಿ ಎನ್ನಿಸಿಕೊಳ್ಳಬೇಕು. ನನ್ನ ರೂಪಾಯಿ ಎತ್ತಿಕೊಂಡು ಎದ್ದೆ.

ಬಸ್‌ಸ್ಟ್ಯಾಂಡಿನವರೆಗೆ ತಡೆದುಕೊಂಡೆ. ಕಲ್ಲುಬೆಂಚಿನ ಮೇಲೆ ಕೂತ ಕೂಡಲೇ ಹೊರಬಿತ್ತು.

"ಅಕ್ಕಾ, ಅದು ನಂದು."

"ಗೊತ್ತೈತಿ" ಎಂದಳು.

ನಾನು ಅವಳತ್ತ ತಿರುಗಿದೆ. ಅವಳು ಬಸ್ಸುಗಳನ್ನು ನೋಡುತ್ತಿದ್ದಳು.

"ನೀ ಬದಲಿ ಮಾಡೂ ಮುಂದ ನಾ ಬಾಗಲಾ ಹಿಂದನ ಇದ್ನಿ. ತಾಟು ಹಚ್ಚೂ ಮುಂದ ಅವ್ವ ನನಗ ಹೇಳಿದ್ಲು, ಕರೇದು ಸಣ್ಣಾಕಿಗೆ, ನಿಮ್ಮಜ್ಜಿ ನನ್ನ ಮದುವ್ಯಾಗ ಉಡಿಯೊಳಗ ಹಾಕಿದ್ದು, ಒಂದು ದಿನಾನೂ ಸಂತಿಗೆ ಹೋಗಿಲ್ಲ ಅಂತ. ನನ್ನ ತಾಟಿಂದು ಜೋಡಿ ಆಗ್ಲಿ ಅಂತ ಪ್ಯಾಟ್ಯಾಗ ತಂದದ್ದು. ಕೊಳಕ ಕಾಣ್ತೈತಿ ಅಂತ ತೊಳಸಿ ಇಟ್ಟಿದ್ಲು." ಮಡಿಲಿನ ಅರಿವೆಯ ಗಂಟನ್ನು ಮುಟ್ಟಿ ಅಂದಳು, "ನನಗ ಎಷ್ಟು ಹೊಟ್ಟಿ ಉರಿದಿತ್ತು ಗೊತ್ತೇನು? ಯಾವಾಗಲೂ ಸಣ್ಣಾಕಿ, ಸಣ್ಣಾಕಿ. ನೀ ಬದಲಿ ಮಾಡಿದಿ, ನಾ ಸುಮ್ಮನ ಕುಂತ್ನಿ."

"ಅವ್ವಗ ಗೊತ್ತಿತ್ತೇನು?"

"ಆ ದೀಪಾವಳಿಗೆ ನಿಮ್ಮನಿಯಿಂದ ನಮ್ಮನಿಗೆ ಬಂದ್ಲು. ಜಗಲಿ ಮ್ಯಾಲ ಇದನ್ನ ನೋಡಿದ್ಲು. ಬೈಲಿಲ್ಲ, ಏನಿಲ್ಲ. ತೊಳೀಬ್ಯಾಡ, ತಿಕ್ಕಬ್ಯಾಡ, ತಂಗಿ ಕೇಳಿದ್ರ ಕೊಡು ಅಂದ್ಲು."

"ನಾ ಕೇಳ್ಲೇ ಇಲ್ಲಲ್ಲ" ಎಂದೆ.

"ಹೂಂ. ಈಗ ಕೇಳೀದಿ" ಎಂದು ಅಕ್ಕ ಅರಿವೆಯ ಗಂಟು ಬಿಚ್ಚಿ ನನ್ನ ಮುಂದೆ ಹಿಡಿದಳು. "ಅಂಚು ಹಿಡ್ಕೊ. ಮಖ ಮುಟ್ಟಬ್ಯಾಡ."

ಅಂಚು ಹಿಡಿದು ಬಿಸಿಲಿಗೆ ಓರೆ ಮಾಡಿದೆ. ಬೆಳಕು ಸುತ್ತ ತಿರುಗಿತು. ಇದು ಎಲ್ಲೀದು ಎಂದು ಅವ್ವ ಕೇಳಿದ್ದು ಕಿವಿಯಲ್ಲಿ ಕೇಳಿಸಿತು. ನನ್ನ ಕೈಗೆ ಬಂದಿದ್ದರೆ ಇದರ ಗತಿಯೂ ಹುಣಸೆಹಣ್ಣು, ವಿಭೂತಿ. ಈ ಹೊತ್ತಿಗೆ ಇದಕ್ಕೂ ಮುಖವಿರುತ್ತಿರಲಿಲ್ಲ. ಹೊಟ್ಟೆಕಿಚ್ಚು ಹೋಯಿತು ಎಂದು ಸುಳ್ಳು ಹೇಳಲಾರೆ. ಇಪ್ಪತ್ತೆರಡು ವರ್ಷ ಇದನ್ನು ಬಿಚ್ಚಿ ನೋಡಿದವಳು ಅವಳಲ್ಲವೇ ಎಂದು ಆಗಲೂ ಉರಿಯುತ್ತಿತ್ತು.

ಬ್ಯಾಡಗಿ ಬಸ್ಸು ಬಂತು. ಅಕ್ಕ ಎದ್ದಳು, ಕೈ ಮಾತ್ರ ಚಾಚಲಿಲ್ಲ. ರೂಪಾಯಿಯನ್ನು ಅದರ ಅರಿವೆಯಲ್ಲೇ ಸುತ್ತಿ ಅವಳ ಸೆರಗಿನೊಳಗೆ ಹಾಕಿದೆ. ಎರಡನೆಯ ಸಲವೂ ಅದನ್ನು ನನ್ನ ಕೈಯಾರೆ ಅಕ್ಕನಿಗೇ ಕೊಟ್ಟೆ.